ಅವ್ವ ಹೇಳಿದ ಸಾಕ್ಷಿ

“ಸಣ್ಣಾಕಿ ಇದ್ದಾಗ ಇವ್ರು ಹೆಂಗಿದ್ರು ಅವ್ವಾರ?”

ಡಾಕ್ಟರ್ ಕೇಳಿದ್ದು ನನ್ನನ್ನಲ್ಲ, ಪಕ್ಕದ ಕುರ್ಚಿಯ ತುದಿಯಲ್ಲಿ ಮುದುಡಿ ಕುಳಿತಿದ್ದ ನನ್ನ ಅವ್ವನನ್ನು. ಅವಳಿಗೆ ಎಪ್ಪತ್ತೆರಡು, ನನಗೆ ನಲವತ್ತೊಂದು. ಹನುಮಸಾಗರದಿಂದ ನಸುಕಿನ ಬಸ್ಸು ಹಿಡಿದು, ಗಜೇಂದ್ರಗಡ, ಗದಗ, ಹುಬ್ಬಳ್ಳಿ ದಾಟಿ ಧಾರವಾಡ ಮುಟ್ಟುವಷ್ಟರಲ್ಲಿ ಅವಳ ಕಾಲು ಬಾತುಕೊಂಡಿದ್ದವು. ಸೆರಗು ಸರಿಮಾಡಿಕೊಂಡು ನನ್ನ ಮುಖ ನೋಡಿದಳು. ಹೇಳಬಹುದೋ ಬಾರದೋ ಎಂಬ ಅನುಮಾನ ಅವಳಿಗೆ. ಆಮೇಲೆ ಒಂದೇ ಮಾತು ಹೇಳಿದಳು: “ಭಾಳ ಖಬರಗೇಡಿರಿ ಇಕಿ.”

ಡಾಕ್ಟರ್ ನಗಲಿಲ್ಲ. ಆ ಶಬ್ದವನ್ನು ಇದ್ದ ಹಾಗೇ ಕನ್ನಡದಲ್ಲಿ ಬರೆದುಕೊಂಡು, “ಖಬರಗೇಡಿ ಅಂದ್ರ ಏನೇನು ಮಾಡ್ತಿದ್ರು, ನೆನಪಾದದ್ದು ಹೇಳ್ರಿ” ಅಂದರು. ಅವ್ವ ಹೇಳುತ್ತ ಹೋದಳು. ಒಲೆಯ ಮೇಲಿನ ಹಾಲು ನೋಡು ಎಂದು ಕೂರಿಸಿದರೆ ಕಣ್ಣೆದುರಿಗೇ ಉಕ್ಕಿ ಬೂದಿ ಪಾಲಾಗುತ್ತಿತ್ತು. ಬೋರಿಂಗ್‌ಗೆ ನೀರಿಗೆ ಕಳಿಸಿದರೆ ಪಾಳಿಯಲ್ಲಿ ಕೊಡ ಬಿಟ್ಟು ಬರಿಗೈಯಲ್ಲಿ ಬರುತ್ತಿದ್ದೆ. ಸಾಲಿಗೆ ಹಾಕಿಕೊಂಡು ಹೋದ ಚಪ್ಪಲಿ ಒಂದೇ ವರ್ಷದಲ್ಲಿ ಮೂರು ಜೊತೆ ಕಳೆದಿದ್ದೆ. ನಲವತ್ತು ನಿಮಿಷ ಅವ್ವ ಮಾತಾಡಿದಳು. ಅಷ್ಟು ಹೊತ್ತು ನನ್ನ ಬಗ್ಗೆ ಯಾರಾದರೂ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬೈಗುಳ ಎಂದು ನಾನು ಎದೆಯಲ್ಲಿ ಹೂತಿಟ್ಟುಕೊಂಡಿದ್ದ ಒಂದೊಂದು ಪ್ರಸಂಗವೂ ಅಲ್ಲಿ, ಆ ಮೇಜಿನ ಮೇಲೆ, ಸಾಕ್ಷಿಯಾಗಿ ದಾಖಲಾಗುತ್ತಿತ್ತು.

ಎಡಿಎಚ್‌ಡಿ ಎಂಬ ಹೆಸರು ಈಗ ಬಹಳ ಜನರ ಕಿವಿಗೆ ಬಿದ್ದಿದೆ. ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ ಎಂದು ಕನ್ನಡದಲ್ಲಿ ಬರೆಯುತ್ತಾರೆ. ಅದು ತುಂಟ ಮಕ್ಕಳ ಕಾಯಿಲೆ ಎಂದೇ ನಾನೂ ತಿಳಿದಿದ್ದೆ. 2024ರ ಮೇ ತಿಂಗಳಲ್ಲಿ ಮಲಯಾಳಂ ನಟ ಫಹಾದ್ ಫಾಸಿಲ್ ಕೇರಳದ ಕೋತಮಂಗಲದ ಸಮಾರಂಭವೊಂದರಲ್ಲಿ, ತನಗೆ 41ನೇ ವಯಸ್ಸಿನಲ್ಲಿ ಎಡಿಎಚ್‌ಡಿ ಇರುವುದು ಗೊತ್ತಾಯಿತೆಂದು ಹೇಳಿದ ಸುದ್ದಿ ಓದಿದೆ. ಅದೇ ವರ್ಷ ಆಲಿಯಾ ಭಟ್ ಕೂಡ ತನಗಿದೆ ಎಂದು ಹೇಳಿಕೊಂಡರು. ಸಿನಿಮಾದವರ ಮಾತೆಂದು ಪುಟ ತಿರುವಬಹುದಿತ್ತು. ಆದರೆ ಆ ಸುದ್ದಿಯ ಕೆಳಗೆ ಕೊಟ್ಟಿದ್ದ ಲಕ್ಷಣಗಳ ಪಟ್ಟಿ ಓದುವಾಗ ನನ್ನ ಕೈ ನಡುಗಿತು. ಆ ಪಟ್ಟಿಯನ್ನು ನಾನು ಮೊದಲೇ ಕೇಳಿದ್ದೆ, ನಮ್ಮ ಅಡುಗೆಮನೆಯಲ್ಲಿ, ಅವ್ವನ ಬಾಯಲ್ಲಿ.

ನನ್ನ ಕಥೆ ಇಲ್ಲಿ ಹೇಳುತ್ತಿರುವುದು ಒಂದು ಕಾರಣಕ್ಕೆ. ದೊಡ್ಡವರಲ್ಲಿ ಈ ತೊಂದರೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ವೈದ್ಯರಿಗೆ ಮುಖ್ಯವಾಗಿ ಬೇಕಾದದ್ದು ಬಾಲ್ಯದ ಪುರಾವೆ. ರಕ್ತ ತೆಗೆದು ಹೇಳುವ ಪರೀಕ್ಷೆ ಇದಕ್ಕಿಲ್ಲ, ತಲೆಯ ಸ್ಕ್ಯಾನ್ ಮಾಡಿಸಿದರೂ ಕಾಣುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್ಎಂ-5 ಕೈಪಿಡಿಯ ಪ್ರಕಾರ, ಲಕ್ಷಣಗಳಲ್ಲಿ ಕೆಲವಾದರೂ 12 ವರ್ಷ ತುಂಬುವ ಮೊದಲೇ ಕಾಣಿಸಿರಬೇಕು. ಅದಕ್ಕೂ ಹಿಂದಿನ ಕೈಪಿಡಿಯಲ್ಲಿ ಈ ಗಡಿ 7 ವರ್ಷವಿತ್ತು. ಲಕ್ಷಣಗಳು ಎರಡು ಗುಂಪಾಗಿವೆ, ಒಂದೊಂದರಲ್ಲಿ ಒಂಬತ್ತು. ಮೊದಲನೆಯದು ಗಮನಕ್ಕೆ ಸಂಬಂಧಿಸಿದ್ದು: ಹಿಡಿದ ಕೆಲಸ ಮುಗಿಸದಿರುವುದು, ಸಾಮಾನು ಕಳೆಯುವುದು, ಎದುರಿಗೆ ನಿಂತು ಮಾತಾಡಿದರೂ ಕೇಳಿಸಿಕೊಳ್ಳದಂತೆ ಇರುವುದು, ದಿನನಿತ್ಯದ ಕೆಲಸ ಮರೆಯುವುದು. ಎರಡನೆಯದು ಚಟುವಟಿಕೆ ಮತ್ತು ಅವಸರಕ್ಕೆ ಸಂಬಂಧಿಸಿದ್ದು: ಕೂತಲ್ಲಿ ಕೂರದಿರುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವುದು, ಪಾಳಿ ಕಾಯಲಾಗದಿರುವುದು. ಮಕ್ಕಳಾದರೆ ಒಂದು ಗುಂಪಿನಲ್ಲಿ ಆರು, ಹದಿನೇಳು ತುಂಬಿದವರಾದರೆ ಐದು ಲಕ್ಷಣಗಳಾದರೂ ಇರಬೇಕು. ಮನೆಯಲ್ಲಿ ಮಾತ್ರವೋ ಶಾಲೆಯಲ್ಲಿ ಮಾತ್ರವೋ ಕಂಡರೆ ಸಾಲದು, ಎರಡು ಕಡೆಯಾದರೂ ಕಾಣಬೇಕು. ಅದರಿಂದ ಬದುಕಿಗೆ ನಿಜವಾದ ತೊಡಕಾಗಿರಬೇಕು.

ವಿದೇಶದಲ್ಲಾದರೆ ಶಾಲೆಯ ಹಳೆಯ ವರದಿಗಳಲ್ಲಿ ಮಗುವಿನ ನಡತೆಯ ಬಗ್ಗೆ ಶಿಕ್ಷಕರು ಬರೆದ ಸಾಲುಗಳು ಸಿಗುತ್ತವೆ. 1990ರ ದಶಕದ ಹನುಮಸಾಗರದ ಸರ್ಕಾರಿ ಶಾಲೆಯಲ್ಲಿ ಓದಿದ ನನ್ನ ಬಳಿ ಏನಿದೆ? ಆಗ ನಮ್ಮದು ರಾಯಚೂರು ಜಿಲ್ಲೆ, ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಒಂದು ತರಗತಿಯಲ್ಲಿ ಅರವತ್ತು ಎಪ್ಪತ್ತು ಮಕ್ಕಳು ನೆಲದ ಮೇಲೆ ಕೂರುತ್ತಿದ್ದೆವು. ಪ್ರಗತಿ ಪತ್ರದಲ್ಲಿ ಅಂಕ ಇರುತ್ತಿತ್ತು, ಹೆಚ್ಚೆಂದರೆ ‘ಸಾಧಾರಣ’ ಎಂಬ ಒಂದು ಶಬ್ದ. ನನ್ನಂಥ ಸಾವಿರಾರು ಜನರಿಗೆ ಉಳಿದಿರುವ ದಾಖಲೆ ಮನೆಯವರ ನೆನಪು ಒಂದೇ.

‘ಖಬರಗೇಡಿ’ ಶಬ್ದವನ್ನೇ ನೋಡಿ. ಖಬರ್ ಅರಬ್ಬಿ ಮೂಲದ್ದು, ಸುದ್ದಿ ಎಂದರ್ಥ. ನಮ್ಮ ಕಡೆ ಅದು ಎಚ್ಚರ, ಅರಿವು ಎಂಬ ಅರ್ಥಕ್ಕೆ ತಿರುಗಿತು. ಕೇಡು ಸೇರಿ ಗೇಡಿ ಆಯಿತು, ತಿಳಿಗೇಡಿ, ಮತಿಗೇಡಿ ಇದ್ದ ಹಾಗೆ. ಎದುರಿಗೆ ಇದ್ದೂ ಎದುರಿನದರ ಸುದ್ದಿ ಇಲ್ಲದವಳು. ಡಾಕ್ಟರ ಪುಸ್ತಕದಲ್ಲಿರುವ ಮೂರು ನಾಲ್ಕು ಲಕ್ಷಣಗಳನ್ನು ನಮ್ಮ ಹೆಣ್ಣುಮಕ್ಕಳು ಒಂದೇ ಶಬ್ದದಲ್ಲಿ ಕಟ್ಟಿಹಾಕಿದ್ದಾರೆ. ಹುಡುಗರಿಗೆ ಬೇರೆ ಶಬ್ದಗಳಿವೆ: ಉಡಾಳ, ಅವಸರಗೇಡಿ, “ಕಾಲಾಗ ಚಕ್ರ ಐತಿ ಇವಂಗ”. ಬೈಗುಳವಾದರೂ ಅವೆಲ್ಲ ಕಣ್ಣಿಟ್ಟು ನೋಡಿದವರ ಮಾತು. ಮಗುವನ್ನು ದಿನಾ ನೋಡುವವರಿಗೆ ಮಾತ್ರ ಅಂಥ ಶಬ್ದ ಹೊಳೆಯುತ್ತದೆ.

ನಮ್ಮ ಮನೆಯಲ್ಲಿ ಕುಣಿಮಗ್ಗ ಇತ್ತು. ಅಪ್ಪ ಇಳಕಲ್ ಸೀರೆ ನೇಯುತ್ತಿದ್ದ. ಇಳಕಲ್ ನಮಗೆ ದೂರವಲ್ಲ, ಅಲ್ಲಿನ ಸಾಹುಕಾರರಿಂದ ನೂಲು ತಂದು ನೇಯ್ದು ಸೀರೆ ಕೊಟ್ಟು ಬರುವ ಮನೆಗಳು ಸುತ್ತಮುತ್ತ ಇದ್ದವು. ಮಕ್ಕಳಿಗೆ ಇದ್ದ ಕೆಲಸ ಕಂಡಿಕಿ ಸುತ್ತುವುದು. ಲಡಿಯಿಂದ ಬರುವ ಹೊಕ್ಕಿನ ಎಳೆಯನ್ನು ಎಡಗೈ ಬೆರಳ ನಡುವೆ ಹಿಡಿದು, ಬಲಗೈಲಿ ರಾಟಿ ತಿರುಗಿಸುತ್ತ, ಸಣ್ಣ ಕಡ್ಡಿಯ ಮೇಲೆ ನೂಲು ಸುತ್ತಬೇಕು. ಎಡಗೈ ಮೇಲೆ ಕೆಳಗೆ ಒಂದೇ ಸಮ ಆಡುತ್ತಿರಬೇಕು. ಒಂದೇ ಕಡೆ ನಿಂತರೆ ನೂಲು ನಡುವೆ ಗಂಟಾಗಿ ಉಬ್ಬುತ್ತದೆ. ಅಂಥ ಕಂಡಿಕಿ ಲಾಳಿಯೊಳಗೆ ಹೋದರೆ ಎಳೆ ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ, ಜಗ್ಗಿ ಹರಿಯುತ್ತದೆ. ಆಗ ಅಪ್ಪ ಮಗ್ಗ ನಿಲ್ಲಿಸಬೇಕು, ಹರಿದ ತುದಿ ಹುಡುಕಬೇಕು, ಮತ್ತೆ ಎಳೆ ಕೂಡಿಸಬೇಕು.

ನನ್ನ ಕಂಡಿಕಿಗಳು ಉಬ್ಬುತ್ತಿದ್ದವು. ಅಕ್ಕನವು ಬಾಳೆಯ ಮೊಗ್ಗಿನಂತೆ ನೀಟಾಗಿ ಬರುತ್ತಿದ್ದವು. ಇಬ್ಬರೂ ಒಂದೇ ರಾಟಿ, ಒಂದೇ ನೂಲು, ಒಂದೇ ಅವ್ವನಿಂದ ಕಲಿತವರು. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಮೊದಲ ಹತ್ತು ಸುತ್ತು ಅಕ್ಕನಿಗಿಂತ ಚೆನ್ನಾಗಿ ಸುತ್ತುತ್ತಿದ್ದೆ. ಹನ್ನೊಂದನೆಯದಕ್ಕೆ ಬಾಗಿಲಲ್ಲಿ ಕೋಳಿ ಮರಿ ಹಾದುಹೋಗುತ್ತಿತ್ತು. ಅಥವಾ ಹೆಂಚಿನ ಸಂದಿಯಿಂದ ಬಿದ್ದ ಬಿಸಿಲ ಕೋಲಿನಲ್ಲಿ ನೂಲಿನ ಧೂಳು ಕುಣಿಯುತ್ತಿತ್ತು. ರಾಟಿ ತಿರುಗುತ್ತಲೇ ಇರುತ್ತಿತ್ತು, ಎಡಗೈ ನಿಂತುಬಿಟ್ಟಿರುತ್ತಿತ್ತು. ಅಪ್ಪ ಕುಣಿಯೊಳಗಿಂದ ಕಾಲು ಮೇಲೆತ್ತಿ ಎದ್ದು ಬರುವ ಸಪ್ಪಳ ಕೇಳಿದಾಗಲೇ ನನಗೆ ಖಬರ್ ಬರುತ್ತಿತ್ತು. ಅವನು ಹೊಡೆದದ್ದು ಕಡಿಮೆ. “ಮನಸ್ಸಿಟ್ಟು ಮಾಡವ್ವ” ಎಂದು ಬೇಡಿಕೊಳ್ಳುವಂತೆ ಹೇಳುತ್ತಿದ್ದ. ಮನಸ್ಸು ಇಡುವುದು ಎಲ್ಲರಿಗೂ ಬರುತ್ತದೆ, ನಾನು ಬೇಕಂತಲೇ ಇಡುತ್ತಿಲ್ಲ ಎಂದು ಅವನು ನಂಬಿದ್ದ. ನಾನೂ ಹಾಗೇ ನಂಬಿದ್ದೆ. ಆ ನಂಬಿಕೆಯೇ ನನಗೆ ಹೆಚ್ಚು ಹಾನಿ ಮಾಡಿತು ಎಂದು ಈಗ ಅನ್ನಿಸುತ್ತದೆ.

ಅದೇ ನಾನು ಪಕ್ಕದ ಮನೆಯಿಂದ ಬಾಲಮಂಗಳ ಸಿಕ್ಕರೆ ಮಧ್ಯಾಹ್ನದ ಊಟಕ್ಕೆ ಕರೆದದ್ದೂ ಕೇಳದಂತೆ ಸಂಜೆತನಕ ಓದುತ್ತಿದ್ದೆ. “ಕಥಿ ಓದಾಕ ಧ್ಯಾನ ಬರತೈತಿ, ಕೆಲಸಕ್ಕ ಬರಂಗಿಲ್ಲ” ಎಂದು ಅವ್ವ ಸಿಟ್ಟಾಗುತ್ತಿದ್ದಳು. ಅವಳ ತರ್ಕದಲ್ಲಿ ತಪ್ಪಿಲ್ಲ, ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಡಾಕ್ಟರ್ ಇದನ್ನು ಬಿಡಿಸಿ ಹೇಳಿದರು. ಇಂಥ ಮಿದುಳಿನಲ್ಲಿ ಗಮನ ಇರುತ್ತದೆ, ಅದರ ಲಗಾಮು ಮಾತ್ರ ಸಡಿಲ. ರುಚಿ ಹತ್ತಿದ್ದರ ಹಿಂದೆ ಅದು ತಾನಾಗಿ ಓಡುತ್ತದೆ, ಬೇಕಾದ ಕಡೆ ತಿರುಗಿಸಿ ನಿಲ್ಲಿಸುವುದು ಕಷ್ಟ. ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಮಿದುಳಿನ ಮುಂಭಾಗದಲ್ಲಿ ಕೆಲಸ ಮಾಡುವ ರೀತಿಗೂ ಇದಕ್ಕೂ ಸಂಬಂಧವಿದೆ. ಯೋಜನೆ ಹಾಕುವುದು, ಒಂದನ್ನು ಮುಂದೂಡಿ ಇನ್ನೊಂದನ್ನು ಮೊದಲು ಮಾಡುವುದು, ಕೈಯಲ್ಲಿರುವ ಕೆಲಸವನ್ನು ನೆನಪಿನಲ್ಲಿ ಹಿಡಿದಿಡುವುದು ಮಿದುಳಿನ ಆ ಭಾಗದ ಹೊಣೆ.

ಶಾಲೆಯಲ್ಲಿ ನನ್ನನ್ನು ಯಾರೂ ಗುರುತಿಸಲಿಲ್ಲ. ಕಾರಣ ಸರಳ: ನಾನು ಗಲಾಟೆ ಮಾಡುತ್ತಿರಲಿಲ್ಲ. ಗೋಡೆಗೆ ಆನಿಕೊಂಡು ಕೂತು ಕಿಟಕಿಯ ಹೊರಗಿನ ಬೇವಿನ ಮರ ನೋಡುತ್ತಿದ್ದ ಹುಡುಗಿಯಿಂದ ಮಾಸ್ತರರಿಗೇನು ತೊಂದರೆ? ಪೆಟ್ಟು ತಿಂದದ್ದು ಬೇರೆ ಕಾರಣಕ್ಕೆ. ಮಗ್ಗಿ ಬಾಯಿಗೆ ಬರುತ್ತಿತ್ತು, ಲೆಕ್ಕದ ನಡುವಿನ ಕಳೆಯುವ ಚಿಹ್ನೆ ಕಣ್ಣಿಗೆ ಬೀಳುತ್ತಿರಲಿಲ್ಲ. ಎಸ್ಎಸ್ಎಲ್‌ಸಿಯ ಒಂದು ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಕೊನೆಯ ಪುಟ ತಿರುವುವುದನ್ನೇ ಮರೆತೆ, ಹೊರಗೆ ಬಂದು ಗೆಳತಿಯರ ಮಾತು ಕೇಳಿದಾಗಲೇ ಆ ಪುಟ ಇತ್ತೆಂದು ತಿಳಿದದ್ದು. ಹುಡುಗಿಯರಲ್ಲಿ ಗಮನದ ತೊಡಕೇ ಮುಂದಾಗಿ, ಕುಣಿದಾಟ ಕಡಿಮೆ ಇರುವುದುಂಟು. ಹಾಗಾಗಿಯೇ ಚಿಕ್ಕಂದಿನಲ್ಲಿ ಹುಡುಗರಿಗಿಂತ ಹುಡುಗಿಯರಲ್ಲಿ ಇದು ಪತ್ತೆಯಾಗುವುದು ಕಡಿಮೆ ಎಂದು ವೈದ್ಯಲೋಕ ಒಪ್ಪುತ್ತದೆ. ನಮ್ಮ ಕಡೆ ಇನ್ನೂ ಒಂದಿದೆ. ಹುಡುಗ ಪುಸ್ತಕ ಕಳೆದರೆ ‘ಹುಡುಗರೇ ಹಂಗ’ ಎನ್ನುತ್ತಾರೆ. ಹುಡುಗಿ ಹಾಲು ಉಕ್ಕಿಸಿದರೆ ‘ಕೊಟ್ಟ ಮನ್ಯಾಗ ಹೆಂಗ ಬಾಳ್ವೆ ಮಾಡ್ತಿ’ ಎಂಬ ಮಾತು ಬರುತ್ತದೆ. ಹತ್ತು ವರ್ಷದ ಮಗುವಿನ ಮರೆವು ಮದುವೆಯ ಅರ್ಹತೆಯ ಪ್ರಶ್ನೆಯಾಗಿಬಿಡುತ್ತದೆ. ಆ ಹೆದರಿಕೆಗೆ ನಾನು ಮರೆವನ್ನು ಮುಚ್ಚಿಡುವುದನ್ನು ಕಲಿತೆ. ಕಾಲೇಜಿನಲ್ಲಿ ಪಾಠ ಮಾಡತೊಡಗಿದ ಮೇಲೂ ಮೂರು ಅಲಾರಂ, ಗೋಡೆಯ ತುಂಬ ಚೀಟಿ, ರಾತ್ರಿ ಎರಡರ ತನಕ ಎದ್ದು ತಿದ್ದುವ ಉತ್ತರ ಪತ್ರಿಕೆ, ತುಂಬುವುದು ಮರೆತು ದಂಡ ಬಿದ್ದ ಕರೆಂಟ್ ಬಿಲ್ಲು. ಹೊರಗಿನವರಿಗೆ ಕಂಡದ್ದು ಕೆಲಸ ಮಾಡುವ ಉಪನ್ಯಾಸಕಿ ಮಾತ್ರ.

ನಾನು ಮೊದಲು ತೋರಿಸಿದ್ದು ಧಾರವಾಡದಲ್ಲಲ್ಲ. ದೊಡ್ಡ ಊರೊಂದರ ವೈದ್ಯರೊಬ್ಬರು ಹತ್ತು ನಿಮಿಷದಲ್ಲಿ ನನ್ನನ್ನು ಕಳಿಸಿದರು. “ಎಂ.ಎ. ಮಾಡೀರಿ, ನೌಕರಿ ಮಾಡ್ತೀರಿ, ನಿಮಗೆಲ್ಲಿಂದ ಬಂತು ಎಡಿಎಚ್‌ಡಿ?” ಎಂದು ಕೇಳಿ, ಕಬ್ಬಿಣಾಂಶದ ಮಾತ್ರೆಯನ್ನೂ ನಿದ್ದೆಯ ಮಾತ್ರೆಯನ್ನೂ ಬರೆದುಕೊಟ್ಟರು. ಎಂ.ಎ. ಮಾಡಲು ನಾನು ತೆತ್ತದ್ದೇನು ಎಂದು ಅವರು ಕೇಳಲಿಲ್ಲ. ಆರು ತಿಂಗಳು ಮತ್ತೆ ಯಾರ ಬಳಿಯೂ ಹೋಗಲಿಲ್ಲ. ಹೀಗೆ ಹಿಂದಿರುಗಿದವರು ನಾನೊಬ್ಬಳೇ ಅಲ್ಲ. ದೊಡ್ಡವರಲ್ಲೂ ಇದು ಉಳಿಯುತ್ತದೆ ಎಂಬ ಅರಿವು ವೈದ್ಯರಲ್ಲೂ ಈಚಿನದೇ.

ಹಾಗೆಂದು ಇದು ನಿನ್ನೆ ಮೊನ್ನೆ ಹುಟ್ಟಿದ ತೊಂದರೆಯಲ್ಲ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರಿಕ್ಟನ್ 1798ರಲ್ಲೇ ಗಮನ ನಿಲ್ಲದ ಸ್ಥಿತಿಯ ಬಗ್ಗೆ ಬರೆದಿದ್ದ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಕುರಿತು ಉಪನ್ಯಾಸಗಳನ್ನೇ ಕೊಟ್ಟ. 1980ರಲ್ಲಿ ಬಂದ ಡಿಎಸ್ಎಂ-3 ಗಮನದ ಕೊರತೆಯನ್ನು ಹೆಸರಿನಲ್ಲೇ ತಂದು, ದೊಡ್ಡವರಲ್ಲಿ ಅದು ಉಳಿಯಬಹುದೆಂದೂ ಗುರುತಿಸಿತು. ಎಡಿಎಚ್‌ಡಿ ಎಂಬ ಈಗಿನ ಹೆಸರು 1987ರದು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯಲ್ಲೂ ಅದೇ ಹೆಸರಿದೆ. ಮಕ್ಕಳಲ್ಲಿ ನೂರಕ್ಕೆ ಐದು, ದೊಡ್ಡವರಲ್ಲಿ ನೂರಕ್ಕೆ ಎರಡೂವರೆಯ ಆಸುಪಾಸು ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಬಂದ ಲೆಕ್ಕ. ನಮ್ಮೂರಿನಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ನೂರು ಜನ ಕೂತರೆ, ಇಬ್ಬರೋ ಮೂವರೋ ಇದನ್ನು ಹೊತ್ತುಕೊಂಡೇ ಊಟ ಮಾಡುತ್ತಿರುತ್ತಾರೆ.

ಧಾರವಾಡದ ಡಾಕ್ಟರ್ ಕೇಳಿದ ಇನ್ನೊಂದು ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. “ಮನಿತನದಾಗ ಹಿಂಗ ಬ್ಯಾರೆ ಯಾರರ ಅದಾರೇನ್ರಿ?” ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ದನಿ ತಗ್ಗಿಸಿ, “ಇವರಪ್ಪನೂ ಹಿಂಗ ಇದ್ರಿ” ಅಂದಳು.

ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಮಗ್ಗದಲ್ಲಿ ಕೂತರೆ ಹಗಲು ರಾತ್ರಿ ಒಂದು ಮಾಡಿ ನೇಯುತ್ತಿದ್ದ, ಬಿಟ್ಟರೆ ವಾರಗಟ್ಟಲೆ ಕುಣಿಗೆ ಇಳಿಯುತ್ತಿರಲಿಲ್ಲ. ಹೊಟೇಲು ಇಟ್ಟ, ಮುಚ್ಚಿದ. ಕಾಳಿನ ವ್ಯಾಪಾರ ಮಾಡಿದ, ಬಿಟ್ಟ. ಗುಳೆ ಹೋದವರ ಜೊತೆ ಮಂಗಳೂರಿಗೆ ಹೋಗಿ ಎರಡೇ ತಿಂಗಳಿಗೆ ವಾಪಸು ಬಂದ. ಸಾಹುಕಾರರಿಗೆ ಹೇಳಿದ ದಿನಕ್ಕೆ ಸೀರೆ ಕೊಟ್ಟದ್ದು ವಿರಳ. ಊರು ಅವನನ್ನು ‘ನೆಟ್ಟಗ ಒಂದ್ ಕೆಲಸ ಮಾಡದಾವ’ ಎಂದು ಕರೆಯಿತು. ಅವನು ಅದನ್ನೇ ನಂಬಿ ಸತ್ತ. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಎಡಿಎಚ್‌ಡಿಯಲ್ಲಿ ವಂಶವಾಹಿಯ ಪಾಲು ಶೇ 70ರಿಂದ 80ರಷ್ಟು ಎಂದು ಹೇಳುತ್ತವೆ. ಎತ್ತರ ಅಪ್ಪನಿಂದ ಮಗಳಿಗೆ ಇಳಿಯುವ ಹಾಗೆ ಇದೂ ಇಳಿಯುತ್ತದೆ. ಸತ್ತವರಿಗೆ ಯಾರೂ ರೋಗ ಹೆಸರಿಸಲಾರರು, ನಾನೂ ಹೆಸರಿಸುವುದಿಲ್ಲ. ಆದರೆ ನನ್ನ ಉಬ್ಬಿದ ಕಂಡಿಕಿಯನ್ನು ಕೈಯಲ್ಲಿ ಹಿಡಿದು ಅವನು ಯಾಕೆ ಹೊಡೆಯದೆ ನಿಲ್ಲುತ್ತಿದ್ದ ಎಂಬುದಕ್ಕೆ ಒಂದು ಕಾರಣ ಅಂದು ಹೊಳೆಯಿತು. ಬಸ್ಸಿನಲ್ಲಿ ಗದಗ ಬರುವ ತನಕ ಅವ್ವ, ನಾನು ಇಬ್ಬರೂ ಮಾತಾಡಲಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಮೊಬೈಲಿನ ರೀಲ್ಸ್ ನೋಡಿ ‘ನನಗೂ ಇದೆ’ ಎನ್ನುವ ಹುಡುಗರು ಈಗ ನನ್ನ ತರಗತಿಯಲ್ಲೇ ಇದ್ದಾರೆ. ಇರಬಹುದು, ಇಲ್ಲದೆಯೂ ಇರಬಹುದು. ಮೊಬೈಲು ಕೈಗೆ ಬಂದ ಮೇಲೆ, ಅಥವಾ ಮನೆಯಲ್ಲೊಂದು ಸಾವಾದ ಮೇಲೆ ಚದುರಿದ ಗಮನ ಬೇರೆ. ಥೈರಾಯ್ಡ್ ಏರುಪೇರು, ರಕ್ತಹೀನತೆ, ನಿದ್ದೆಗೆಡುವುದು, ಖಿನ್ನತೆ, ಆತಂಕ, ಕುಡಿತ ಇವೆಲ್ಲವೂ ಮನಸ್ಸನ್ನು ನಿಲ್ಲಗೊಡುವುದಿಲ್ಲ. ಅದಕ್ಕೇ ಒಳ್ಳೆಯ ವೈದ್ಯರು ಮೊದಲು ಅವನ್ನೆಲ್ಲ ಪರೀಕ್ಷಿಸಿ ಬದಿಗಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹದಿನೆಂಟು ಪ್ರಶ್ನೆಗಳ ಪಟ್ಟಿಯೊಂದಿದೆ, ಅದರ ಮೊದಲ ಆರು ಪ್ರಶ್ನೆಗಳು ಜರಡಿಯಂತೆ ಕೆಲಸ ಮಾಡುತ್ತವೆ. ಅದರಲ್ಲಿ ಅಂಕ ಹೆಚ್ಚು ಬಂತೆಂದರೆ ವೈದ್ಯರನ್ನು ಕಾಣಬೇಕು ಎಂದಷ್ಟೇ ಅರ್ಥ. ಕೊನೆಗೆ ಒರೆಗಲ್ಲು ಬಾಲ್ಯವೇ. ಎಂಟು ಹತ್ತು ವರ್ಷದಲ್ಲೂ ಹೀಗೇ ಇದ್ದಿರಾ, ಅದನ್ನು ಕಂಡವರು ಯಾರು? ಈ ಪ್ರಶ್ನೆಗೆ ಉತ್ತರ ತೆಗೆದುಕೊಂಡೇ ಹೋಗಬೇಕು. ಅಪ್ಪ ಅವ್ವ ಇಲ್ಲದಿದ್ದರೆ ಅಕ್ಕ, ಅಣ್ಣ, ಸೋದರಮಾವ, ಒಂದೇ ಸಾಲಿಗೆ ಹೋದ ಗೆಳತಿ. ನಾನು ಎರಡನೆಯ ಭೇಟಿಗೆ ಅಕ್ಕನನ್ನು ಫೋನಿನಲ್ಲಿ ಮಾತಾಡಿಸಿದೆ. ಹಳೆಯ ಅಂಕಪಟ್ಟಿ, ನೋಟ್‌ಬುಕ್ ಉಳಿದಿದ್ದರೆ ಅವನ್ನೂ ಒಯ್ಯಿರಿ. ಅರ್ಧಕ್ಕೆ ನಿಂತ ಬರಹ, ಅಂಚಿನ ತುಂಬ ಗೀಚಿದ ಚಿತ್ರ ಕೂಡ ಏನನ್ನಾದರೂ ಹೇಳುತ್ತವೆ.

ಎಲ್ಲಿಗೆ ಹೋಗಬೇಕು? ನಮ್ಮ ಭಾಗದಲ್ಲಿ ‘ಧಾರವಾಡಕ್ಕ ಕಳಸಬೇಕು’ ಎಂಬುದು ಬೈಗುಳ. ಅಲ್ಲಿ 1845ರಲ್ಲಿ ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದು ಇಂದು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಅವ್ವ ಊರಲ್ಲಿ ಯಾರಿಗೂ ಹೇಳದೆ ಬಂದಿದ್ದಳು, ಕೇಳಿದವರಿಗೆ ಕಣ್ಣು ತೋರಿಸಲು ಹೋಗುತ್ತಿದ್ದೇವೆ ಅಂದಿದ್ದಳು. ಅವಳನ್ನು ನಾನು ದೂರುವುದಿಲ್ಲ. ಆದರೆ ಮನಸ್ಸಿನ ಆರೋಗ್ಯವನ್ನು ಹಳ್ಳಿಯ ಬಾಗಿಲಿಗೆ ತರುವ ಪ್ರಯೋಗ ನಡೆದದ್ದೇ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಎಂಬುದನ್ನು ನಾವು ಮರೆತಿದ್ದೇವೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆ ಮತ್ತು ಮೂರ್ಛೆ ರೋಗಕ್ಕೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಅದರ ಮೇಲೆಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಟ್ಟಲಾಯಿತು. ಇಂದು ಕೊಪ್ಪಳದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ರೋಗಿಗಳನ್ನು ನೋಡುವ ವ್ಯವಸ್ಥೆ ರೂಪಿಸಲಾಗಿದೆ. ಯಾವ ಮಂಗಳವಾರ, ಎಷ್ಟು ಗಂಟೆಗೆ ಎಂದು ನಿಮ್ಮ ಆಸ್ಪತ್ರೆಯಲ್ಲಿ ಕೇಳಿಕೊಂಡು ಹೋಗಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಇಂಥ ಚಿಕಿತ್ಸೆ ಪಡೆಯುವುದು ನಿಮ್ಮ ಹಕ್ಕು.

ಮಾತ್ರೆಯ ವಿಷಯದಲ್ಲಿ ಅವ್ವನಿಗೆ ಇದ್ದ ಭಯ ಎಲ್ಲರಿಗೂ ಇರುತ್ತದೆ. ಹೆಚ್ಚು ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟ್ 1944ರಲ್ಲೇ ತಯಾರಾದ ಹಳೆಯ ಔಷಧ. ನಮ್ಮಲ್ಲಿ ಅದು ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ, ಹೋಬಳಿ ಊರಿನ ಮೆಡಿಕಲ್ ಅಂಗಡಿಯಲ್ಲಿ ನನಗೆ ಸಿಕ್ಕಿಲ್ಲ. ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಬಗೆಯ ಮಾತ್ರೆ ಇದೆ, ಅದರ ಗುಣ ಕಾಣಲು ಕೆಲವು ವಾರ ಬೇಕು. ಹಸಿವು ಕುಗ್ಗುವುದು, ನಿದ್ದೆ ಕೆಡುವುದು, ರಕ್ತದೊತ್ತಡ ಏರುವುದು ಉಂಟು. ಹಾಗಾಗಿ ವೈದ್ಯರು ತೂಕ, ಬಿಪಿ ನೋಡುತ್ತಲೇ ಪ್ರಮಾಣ ಹೊಂದಿಸುತ್ತಾರೆ. ಮಾತ್ರೆಯ ಜೊತೆಗೆ ದಿನಚರಿಯನ್ನು ಕಟ್ಟಿಕೊಳ್ಳುವ ತರಬೇತಿ, ಆಪ್ತಸಮಾಲೋಚನೆಯೂ ಬೇಕು. ನನಗೆ ಎಲ್ಲವೂ ಸರಿಹೋಗಿಲ್ಲ. ಆದರೆ ಕಳೆದ ತಿಂಗಳು ಐವತ್ತು ಉತ್ತರ ಪತ್ರಿಕೆಗಳ ಕಟ್ಟನ್ನು ಒಂದೇ ಪಟ್ಟಿಗೆ ಕೂತು ತಿದ್ದಿ ಮುಗಿಸಿದೆ. ಇಷ್ಟು ವರ್ಷದ ನೌಕರಿಯಲ್ಲಿ ಅದು ಮೊದಲ ಸಲ.

ಮಕ್ಕಳ ವಿಷಯದಲ್ಲಿ ನಾವು ಇಷ್ಟು ತಡ ಮಾಡಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುವ ವೈದ್ಯರ ತಂಡ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಆದರೆ ತಂಡ ಒಂದು ಶಾಲೆಯಲ್ಲಿ ಇರುವುದು ಸ್ವಲ್ಪ ಹೊತ್ತು. ಮಗುವನ್ನು ವರ್ಷವಿಡೀ ನೋಡುವವರು ಶಿಕ್ಷಕರು. ಗದ್ದಲ ಮಾಡುವವನ ಜೊತೆಗೆ ಕಿಟಕಿಯ ಬಳಿ ಸುಮ್ಮನೆ ಕೂತವಳ ಹೆಸರನ್ನೂ ಅವರು ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ನೆರವು ಬೇಕಾದ ಮಕ್ಕಳಿಗೆ ಇದರಿಂದ ಅನ್ಯಾಯವಾಗುತ್ತಿದೆ, ಇದು ತಿದ್ದಬೇಕಾದ ಲೋಪ.

ಧಾರವಾಡದಿಂದ ಬಂದ ಮೇಲೆ ಅವ್ವ ಮನೆಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ, “ನಾ ನಿನ್ನ ಬೈದದ್ದೆಲ್ಲ ತಪ್ಪೇನ?” ಎಂದು ಕೇಳಿದಳು. ನೀನು ನೆನಪಿಟ್ಟುಕೊಂಡದ್ದಕ್ಕೇ ನನಗೆ ಚಿಕಿತ್ಸೆ ಸಿಕ್ಕಿತು ಅಂದೆ. ಅದು ನಿಜವೂ ಹೌದು.

ನಿಮ್ಮ ಮನೆಯಲ್ಲಿ ಮೂವತ್ತೋ ನಲವತ್ತೋ ದಾಟಿದ ಮಗ, ಮಗಳು, ತಂಗಿ, ತಮ್ಮ ಯಾರಾದರೂ ಬಂದು ‘ಸಣ್ಣವನಿದ್ದಾಗ ನಾನು ಹೆಂಗಿದ್ದೆ?’ ಎಂದು ಕೇಳಿದರೆ ನಗಬೇಡಿ, ‘ಈಗ್ಯಾಕ ಅದೆಲ್ಲ’ ಎಂದು ತಳ್ಳಿಹಾಕಬೇಡಿ. ಕೂತು, ನೆನಪಾದದ್ದನ್ನೆಲ್ಲ ಹೇಳಿ. ಆಸ್ಪತ್ರೆಗೆ ಕರೆದರೆ ಜೊತೆಗೆ ಹೋಗಿ. ಎಲ್ಲಿಂದ ಶುರುಮಾಡುವುದು ತಿಳಿಯದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ. ಅದರ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಹಣ ಕೊಡದೆ, ಕನ್ನಡದಲ್ಲೇ ಮಾತಾಡಬಹುದು.